ಹಗುರ ಲ್ಯಾಪ್‌ಟಾಪ್ ಸಾಕಾ, ಪ್ರೊಫೆಷನಲ್ ಲ್ಯಾಪ್‌ಟಾಪೇ ಬೇಕಾ? ಕೊಡಗಿನಲ್ಲಿ ಕೂತು ಕೆಲಸ ಮಾಡುವವರಿಗೆ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಮಕ್ಕಳು ಕಾಲೇಜಿಗೆ ಸೇರುವ ಹೊತ್ತು. "ಅಕ್ಕ, ಮಗಳಿಗೆ ಒಂದು ಒಳ್ಳೆ ಲ್ಯಾಪ್‌ಟಾಪ್ ಹೇಳಿ" ಅಂತ ಸುಂಟಿಕೊಪ್ಪದಿಂದ ಒಬ್ಬರು, ನಾಪೋಕ್ಲಿನಿಂದ ಇನ್ನೊಬ್ಬರು. ನಾನು ಮಡಿಕೇರಿಯಲ್ಲಿ ಮನೆ, ಹೋಂಸ್ಟೇಗಳ ನಕ್ಷೆ ಬರೆದುಕೊಡುವವಳು. ದಿನವಿಡೀ ಕಂಪ್ಯೂಟರ್ ಮುಂದೆ ಇರುತ್ತೇನೆ ಅಂತ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಜುಲೈನಲ್ಲಿ ಎರಡು ದಿನ ಕರೆಂಟ್ ಇಲ್ಲ ಅಂದರೆ, ಆಗಲೂ ಅದರಲ್ಲಿ ಆಗಲೇಬೇಕಾದ ಕೆಲಸ ಯಾವುದು?"

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಅಂಗಡಿಯಲ್ಲಿ ಹೇಳುವ ನಂಬರುಗಳೆಲ್ಲ ಆಮೇಲೆ. ನಮ್ಮ ಊರಲ್ಲಿ ಲ್ಯಾಪ್‌ಟಾಪ್ ಬದುಕುವುದು ಮಳೆ, ಕರೆಂಟು, ರಿಪೇರಿಗೆ ಹೋಗಬೇಕಾದ ದೂರ, ಈ ಮೂರರ ನಡುವೆ. ಬೆಂಗಳೂರಿನವರಿಗೆ ಸರಿಹೋಗುವ ಸಲಹೆ ನಮಗೆ ಹಾಗೇ ಹೊಂದುವುದಿಲ್ಲ.

ಮೊದಲು ಎರಡನ್ನೂ ಗುರುತು ಮಾಡಿಕೊಳ್ಳಿ

ಹಗುರ ಲ್ಯಾಪ್‌ಟಾಪ್ ಅಂದರೆ 1ರಿಂದ 1.4 ಕಿಲೋ ತೂಗುವ ತೆಳು ಮಾದರಿ. ಮ್ಯಾಕ್‌ಬುಕ್ ಏರ್, ಡೆಲ್ ಎಕ್ಸ್‌ಪಿಎಸ್ 13, ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಎಲ್ಲ ಈ ಗುಂಪಿನವು. ಪ್ರೊಫೆಷನಲ್ ದರ್ಜೆಯದ್ದು ಅಂದರೆ ಥಿಂಕ್‌ಪ್ಯಾಡ್ ಪಿ ಸರಣಿ, ಎಚ್‌ಪಿ ಜೆಡ್‌ಬುಕ್, ಡೆಲ್ ಪ್ರಿಸಿಷನ್, 16 ಇಂಚಿನ ಮ್ಯಾಕ್‌ಬುಕ್ ಪ್ರೊ. ಡೆಲ್‌ನವರು 2025ರಲ್ಲಿ ಪ್ರಿಸಿಷನ್ ಹೆಸರನ್ನು ಪ್ರೊ ಮ್ಯಾಕ್ಸ್ ಅಂತ ಬದಲಾಯಿಸಿದ್ದಾರೆ. ಇವುಗಳಲ್ಲಿ ಹೆಚ್ಚಿನವು 2ರಿಂದ 3 ಕಿಲೋ ತೂಗುತ್ತವೆ. ದೊಡ್ಡ ಮಾದರಿಗಳ ಚಾರ್ಜರ್ ಒಂದೇ ಅರ್ಧ ಕಿಲೋಗಿಂತ ಜಾಸ್ತಿ ಇರುತ್ತದೆ.

ತೂಕ ಕಣ್ಣಿಗೆ ಕಾಣುವ ವ್ಯತ್ಯಾಸ. ಒಳಗಿನ ವ್ಯತ್ಯಾಸ ಬಿಸಿಯದ್ದು. ಚಿಕ್ಕ ಕಾರಿಗೆ ಜನ, ಲಗೇಜು ತುಂಬಿಸಿ ಸಂಪಾಜೆ ಘಾಟಿ ಹತ್ತಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಳ್ಯದ ತನಕ ಆರಾಮಾಗಿ ಓಡಿದ ಕಾರು ಘಾಟಿಯಲ್ಲಿ ಏದುಸಿರು ಬಿಡುತ್ತದೆ. ತೆಳು ಲ್ಯಾಪ್‌ಟಾಪೂ ಹಾಗೇ. ಮೊದಲ ಐದು ನಿಮಿಷ ಎರಡೂ ಹೆಚ್ಚುಕಮ್ಮಿ ಒಂದೇ ವೇಗ. ಕೆಲಸ ಅರ್ಧ ಗಂಟೆ ಎಳೆದರೆ ತೆಳುವಾದದ್ದು ಬಿಸಿಯಾಗುತ್ತದೆ. ಬಿಸಿ ಹೊರಹಾಕಲು ಒಳಗೆ ಜಾಗವಿಲ್ಲ, ಹಾಗಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ. ದಪ್ಪದ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫ್ಯಾನು, ತಾಮ್ರದ ಕೊಳವೆ ಇರುತ್ತವೆ. ಅದು ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯುತ್ತದೆ. ನೀವು ಕೊಡುವ ಹೆಚ್ಚಿನ ದುಡ್ಡು ಮುಖ್ಯವಾಗಿ ಇದಕ್ಕೆ.

ಕೆಲವು ವರ್ಷದ ಹಿಂದೆ ನಾನು ಅಂದ ನೋಡಿ 8 ಜಿಬಿ ರ‍್ಯಾಮ್‌ನ ತೆಳು ಲ್ಯಾಪ್‌ಟಾಪ್ ತಗೊಂಡಿದ್ದೆ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ಮೆಮೊರಿ. ಎರಡು ಆಯಾಮದ ನಕ್ಷೆಗೆ ಏನೂ ತೊಂದರೆಯಿರಲಿಲ್ಲ. ಮನೆಯ ಮೂರು ಆಯಾಮದ ಚಿತ್ರ ರೆಂಡರ್ ಮಾಡಲು, ಅಂದರೆ ಫೋಟೋದಂತೆ ಮೂಡಿಸಲು, ಹೋದಾಗ ಗೊತ್ತಾಯಿತು. ರಾತ್ರಿ ಊಟಕ್ಕೆ ಮುಂಚೆ ಹಚ್ಚಿದ್ದು ಬೆಳಿಗ್ಗೆ ಕಾಫಿ ಹೊತ್ತಿಗೂ ಮುಗಿದಿರುತ್ತಿರಲಿಲ್ಲ. ರ‍್ಯಾಮ್ ಹೆಚ್ಚಿಸೋಣ ಅಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದರು. ಆ ವರ್ಷ ಎರಡು ಕೆಲಸ ತಪ್ಪಿಹೋದವು. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ವಾರ ನಿಮ್ಮ ಕೆಲಸವನ್ನೇ ಗಮನಿಸಿ

ಈಗ ಮನೆಯಲ್ಲಿ ಯಾವುದಾದರೂ ಕಂಪ್ಯೂಟರ್ ಇದ್ದರೆ ಅದರಲ್ಲೇ ಶುರು ಮಾಡಿ. ಒಂದು ವಾರ ಏನೇನು ಕೆಲಸ ಮಾಡಿದಿರಿ, ಎಲ್ಲಿ ಕೂತು ಮಾಡಿದಿರಿ ಅಂತ ಚೀಟಿಯಲ್ಲಿ ಬರೆದಿಡಿ. "ಎಲ್ಲಿ ಕೂತು" ಅನ್ನೋದನ್ನು ಬಿಡಬೇಡಿ, ಅದು ಮುಖ್ಯ.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಭಾಗಕ್ಕೆ ಹೋಗಿ. ನಿಮ್ಮ ಅತಿ ದೊಡ್ಡ ಕೆಲಸ ನಡೆಯುತ್ತಿರುವಾಗ ಸಿಪಿಯು (ಮುಖ್ಯ ಚಿಪ್), ಮೆಮೊರಿ (ಅಂದರೆ ರ‍್ಯಾಮ್), ಜಿಪಿಯು (ಗ್ರಾಫಿಕ್ಸ್ ಚಿಪ್) ಎಷ್ಟು ಶೇಕಡಾ ತೋರಿಸುತ್ತವೆ ಅಂತ ನೋಡಿ. ಮೆಮೊರಿ ಸದಾ 85-90ರ ಮೇಲಿದ್ದು ಸಿಪಿಯು ಸುಮ್ನೆ ಇದ್ದರೆ ನಿಮಗೆ ಬೇಕಾಗಿರುವುದು ಹೆಚ್ಚು ರ‍್ಯಾಮ್ ಅಷ್ಟೇ. ಅದು ಹಗುರ ಲ್ಯಾಪ್‌ಟಾಪಿನಲ್ಲೂ ಸಿಗುತ್ತದೆ. ಸಿಪಿಯು ಅಥವಾ ಜಿಪಿಯು ಹತ್ತಿಪ್ಪತ್ತು ನಿಮಿಷ ನೂರರ ಹತ್ತಿರವೇ ನಿಂತುಬಿಟ್ಟರೆ, ಅದೂ ದಿನಾ ಹಾಗಾದರೆ, ನಿಮ್ಮದು ಭಾರದ ಕೆಲಸ.

ಈಗ ಚೀಟಿ ಓದಿ. ತೋಟದ ಲೆಕ್ಕ, ಎಕ್ಸೆಲ್, ಟ್ಯಾಲಿ, ಹೋಂಸ್ಟೇ ಬುಕಿಂಗ್, ಇಮೇಲ್, ದೂರದ ಮಕ್ಕಳ ಜೊತೆ ವಿಡಿಯೋ ಕರೆ: ಇದಕ್ಕೆ ಹಗುರದ್ದು ಬೇಕಾದಷ್ಟಾಯಿತು. ತೋಟದಲ್ಲಿ ಕೂತು ಕಂಪನಿ ಕೆಲಸ ಮಾಡುವ ಸಾಫ್ಟ್‌ವೇರಿನವರಲ್ಲಿ ಬಹಳ ಜನರ ನಿಜವಾದ ಲೆಕ್ಕಾಚಾರ ಕಂಪನಿಯ ಸರ್ವರ್‌ನಲ್ಲಿ ನಡೆಯುತ್ತದೆ. ಅವರಿಗೂ ಹಗುರದ್ದೇ ಸರಿ, ರ‍್ಯಾಮ್ ಮಾತ್ರ 16 ಜಿಬಿಗೆ ಕಮ್ಮಿ ಬೇಡ. ಮೆಡಿಕಲ್ ಓದುವವರಿಗೆ, ಕಾಮರ್ಸ್‌ನವರಿಗೆ ಹಗುರದ್ದು. ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುವ ಮಕ್ಕಳು ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಗಡಿ ಗುರುತಿಸುವ ನಕ್ಷೆ ಮಾಡುತ್ತಾರಲ್ಲ, ಅದೂ ಹಗುರದ್ದರಲ್ಲಿ ನಡೆಯುತ್ತದೆ. ಆದರೆ ಡ್ರೋನ್‌ನಲ್ಲಿ ತೆಗೆದ ನೂರಾರು ಫೋಟೋ ಜೋಡಿಸಿ ತೋಟದ ನಕ್ಷೆ ಮಾಡುವ ಕೆಲಸ ಬಂದರೆ ಲೆಕ್ಕ ಬದಲಾಗುತ್ತದೆ. ಅದು ಗಂಟೆಗಟ್ಟಲೆ ಎಳೆಯುವ ಕೆಲಸ.

ರೆವಿಟ್, ಸಾಲಿಡ್‌ವರ್ಕ್ಸ್, ಬ್ಲೆಂಡರ್ ಥರದ ಮೂರು ಆಯಾಮದ ವಿನ್ಯಾಸದ ಸಾಫ್ಟ್‌ವೇರ್ ದಿನಾ ಬಳಸುವವರು ಎರಡು ಯೋಚನೆ ಮಾಡಬೇಡಿ, ದಪ್ಪದ್ದನ್ನೇ ನೋಡಿ. ರೆವಿಟ್, ಸಾಲಿಡ್‌ವರ್ಕ್ಸ್ ಎರಡೂ ವಿಂಡೋಸ್‌ಗೆ ಮಾತ್ರ ಬರುತ್ತವೆ. ಆರ್ಕಿಟೆಕ್ಚರ್ ಸೇರುವ ಮಗುವಿಗೆ ಮ್ಯಾಕ್ ಕೊಡಿಸುವ ಮುಂಚೆ ಇದು ನೆನಪಿರಲಿ. ಆಟೋಕ್ಯಾಡ್ ಮ್ಯಾಕ್‌ಗೂ ಇದೆ.

ಮದುವೆ ವಿಡಿಯೋ ಮಾಡುವವರದ್ದು ನಡುವಿನ ದಾರಿ. 4ಕೆ ವಿಡಿಯೋವನ್ನು ನೇರವಾಗಿ ಎಡಿಟ್ ಮಾಡಿದರೆ ಹಗುರದ್ದು ಒದ್ದಾಡುತ್ತದೆ. ಪ್ರಾಕ್ಸಿ ಮಾಡಿಕೊಂಡರೆ, ಅಂದರೆ ಎಡಿಟ್ ಮಾಡಲಷ್ಟೇ ಚಿಕ್ಕ ಗಾತ್ರದ ನಕಲು ಇಟ್ಟುಕೊಂಡರೆ, ಕೆಲಸ ಸರಾಗ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಎರಡರಲ್ಲೂ ಈ ಸೌಲಭ್ಯ ಇದೆ. ವರ್ಷಕ್ಕೆ ನಾಲ್ಕೈದು ಮದುವೆ ಮಾಡುವವರು ಪ್ರಾಕ್ಸಿ ನೆಚ್ಚಿಕೊಂಡು ಹಗುರದ್ದು ತಗೊಳ್ಳಬಹುದು. ಸೀಸನ್ನಿನಲ್ಲಿ ವಾರಕ್ಕೆರಡು ಮದುವೆ ಇದ್ದವರಿಗೆ ಅದು ಸಾಲದು.

ಕರೆಂಟಿನ ಲೆಕ್ಕ ಹಾಕಿ

ಇದನ್ನು ಕಾಗದ ಪೆನ್ನು ಹಿಡಿದೇ ಮಾಡಿ. ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು.

ಮನೆಯಲ್ಲಿ 12 ವೋಲ್ಟಿನ 150 ಎಎಚ್ ಇನ್ವರ್ಟರ್ ಬ್ಯಾಟರಿ ಇದೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 1,800 ವ್ಯಾಟ್ ಅವರ್. ಅದು ಕಾಗದದ ಮೇಲಿನ ಲೆಕ್ಕ. ಇನ್ವರ್ಟರ್ ತಿನ್ನುವುದು, ಬ್ಯಾಟರಿಯ ವಯಸ್ಸು, ಪೂರ್ತಿ ಖಾಲಿ ಮಾಡಬಾರದು ಅನ್ನೋದು ಎಲ್ಲ ಕಳೆದು ಕೈಗೆ ಸಿಗುವುದು ಸುಮಾರು 1,000 ಅಂತ ಹಿಡಿಯಿರಿ. ಎರಡು ದೀಪ, ವೈಫೈ ರೂಟರ್, ಒಂದು ಫೋನ್ ಚಾರ್ಜರ್ ಸೇರಿ 50 ವ್ಯಾಟ್ ಆಯಿತು. ಸಾಮಾನ್ಯ ಕೆಲಸದಲ್ಲಿ ಹಗುರ ಲ್ಯಾಪ್‌ಟಾಪ್ ಎಳೆಯುವುದು 10-15 ವ್ಯಾಟ್. ಒಟ್ಟು 65. ಹದಿನೈದು ಗಂಟೆ ಬರುತ್ತದೆ. ದಪ್ಪದ್ದು ರೆಂಡರ್ ಮಾಡುವಾಗ 150 ವ್ಯಾಟ್ ಎಳೆಯಿತು ಅನ್ನಿ. ಒಟ್ಟು 200. ಐದೇ ಗಂಟೆಗೆ ಮನೆಯೆಲ್ಲ ಕತ್ತಲೆ.

ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯ ಮೇಲೂ ಜಾಸ್ತಿ ನಂಬಿಕೆ ಇಡಬೇಡಿ. ದಪ್ಪದ್ದರಲ್ಲಿ ದೊಡ್ಡ ಬ್ಯಾಟರಿ ಇರುತ್ತದೆ ನಿಜ, 90 ವ್ಯಾಟ್ ಅವರ್ ಆಸುಪಾಸು. ಆದರೆ ಭಾರದ ಕೆಲಸದಲ್ಲಿ ಅದು ಒಂದು ಗಂಟೆಯ ಮಾತು. ಚಾರ್ಜರ್ ತೆಗೆದ ಕೂಡಲೇ ಬಹಳಷ್ಟು ವಿಂಡೋಸ್ ಮಾದರಿಗಳು ವೇಗವನ್ನೂ ತಗ್ಗಿಸುತ್ತವೆ. ಆಪಲ್‌ನವು ಈ ವಿಷಯದಲ್ಲಿ ಮೇಲು.

ಹಗುರದ್ದಕ್ಕೆ ಇನ್ನೊಂದು ಅನುಕೂಲ ಇದೆ. ಅದು ಟೈಪ್-ಸಿ ಚಾರ್ಜರಿನಲ್ಲಿ ನಡೆಯುತ್ತದೆ, 65 ವ್ಯಾಟ್ ಸಾಕು. ಪವರ್ ಡೆಲಿವರಿ (ಟೈಪ್-ಸಿಯಲ್ಲೇ ಹೆಚ್ಚು ವ್ಯಾಟ್ ಕೊಡುವ ಸೌಲಭ್ಯ) ಇರುವ 20,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಸುಮಾರು 74 ವ್ಯಾಟ್ ಅವರ್ ಇರುತ್ತದೆ. ನಷ್ಟ ಕಳೆದರೂ ಹಗುರ ಲ್ಯಾಪ್‌ಟಾಪನ್ನು ಒಂದು ಸಲ ಹೆಚ್ಚುಕಮ್ಮಿ ತುಂಬಿಸಬಹುದು. ಜೀಪಿನಲ್ಲೂ ಚಾರ್ಜ್ ಮಾಡಬಹುದು. ಪವರ್ ಬ್ಯಾಂಕ್ ತಗೊಳ್ಳುವಾಗ ಅದು ಹೊರಗೆ ಕೊಡುವುದು 45 ಅಥವಾ 65 ವ್ಯಾಟ್ ಅಂತ ಬರೆದಿದೆಯಾ ನೋಡಿ. ಫೋನಿಗೆ ಮಾಡಿದ 20 ವ್ಯಾಟಿನದ್ದು ಕೆಲಸಕ್ಕೆ ಬಾರದು.

ದಪ್ಪದ್ದೇ ಬೇಕು ಅನ್ನುವವರು ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನಂತೆ ನಯವಾದ ಅಲೆಯದ್ದು, ಹೌದಾ ಅಂತ ನೋಡಿಕೊಳ್ಳಿ. ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ದೊಡ್ಡ ಚಾರ್ಜರ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ.

ಮಳೆ, ಬೂಷ್ಟು, ಸಿಡಿಲು

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ಸೀರೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲ್ಯಾಪ್‌ಟಾಪಿಗೂ ಅದೇ ಗತಿ. ಕೆಟ್ಟುಹೋಗುವುದು ದಿನಾ ಬಳಸುವ ಲ್ಯಾಪ್‌ಟಾಪ್ ಅಲ್ಲ, ಬ್ಯಾಗಿನಲ್ಲಿ ಮುಚ್ಚಿಟ್ಟದ್ದು. ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಹಚ್ಚಿಡಿ, ಆ ಬಿಸಿಗೇ ಒಳಗಿನ ತೇವ ಆರುತ್ತದೆ. ಊರಿಗೆ ಹೋಗುವಾಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಅಭ್ಯಾಸ ಇದ್ದೇ ಇರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಮಸಿ ಫ್ಯಾನಿಗೆ ಅಂಟುತ್ತದೆ.

ಮುಂಜಾನೆ ಚಳಿಯಲ್ಲಿ ಜೀಪಿನಲ್ಲಿಟ್ಟು ತಂದ ಲ್ಯಾಪ್‌ಟಾಪನ್ನು ಬೆಚ್ಚಗಿನ ಕೋಣೆಗೆ ತಂದ ತಕ್ಷಣ ಹಚ್ಚಬೇಡಿ. ಕನ್ನಡಕದ ಮೇಲೆ ಹಬೆ ಕೂರುವಂತೆ ಅದರೊಳಗೂ ನೀರಿನ ಹನಿ ಕೂರುತ್ತದೆ. ಅರ್ಧ ಗಂಟೆ ಬಿಡಿ.

ಈ ವಿಷಯದಲ್ಲಿ ಎರಡು ಜಾತಿಗೂ ಒಳಿತು ಕೆಡುಕು ಇದೆ. ಫ್ಯಾನ್ ಇಲ್ಲದ ಹಗುರದ್ದು ಹೊರಗಿನ ಗಾಳಿ ಎಳೆಯುವುದಿಲ್ಲ. ದಪ್ಪದ್ದು ಎಳೆಯುತ್ತಲೇ ಇರುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಿದರೆ ಸಿಪ್ಪೆಯ ಧೂಳೆಲ್ಲ ಫ್ಯಾನಿಗೇ ಹೋಗುತ್ತದೆ. ನಾನು ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ ಮಾರ್ಚ್ ಕೊನೆಗೆ, ತೆಗೆಸಿ ಕ್ಲೀನ್ ಮಾಡಿಸುತ್ತೇನೆ. ದಪ್ಪದ್ದರ ಒಳಿತು ಅಂದರೆ ಕೆಳಗಿನ ನಾಲ್ಕಾರು ಸ್ಕ್ರೂ ಬಿಚ್ಚಿದರೆ ಒಳಗೆ ಕೈ ಹೋಗುತ್ತದೆ. ಥಿಂಕ್‌ಪ್ಯಾಡ್ ಥರದ ವ್ಯವಹಾರಕ್ಕೆಂದೇ ಮಾಡಿದ ಸರಣಿಗಳಲ್ಲಿ ಕೀಬೋರ್ಡಿನ ಮೇಲೆ ಸ್ವಲ್ಪ ಕಾಫಿ ಚೆಲ್ಲಿದರೂ ತಡೆಯುವ ಏರ್ಪಾಡು ಇರುತ್ತದೆ. ಹಗುರದ್ದಾದ ಎಕ್ಸ್1 ಕಾರ್ಬನ್‌ನಲ್ಲೂ ಇದು ಇದೆ.

ಸಿಡಿಲಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಮಾರ್ಚ್, ಏಪ್ರಿಲ್‌ನ ಹೂಮಳೆ ಗುಡುಗು ಸಮೇತ ಬರುತ್ತದೆ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರಿನಿಂದ ಬರುವ ನೆಟ್ ಕೇಬಲ್ಲನ್ನೂ ಬಿಡಿಸಿ. ನಮ್ಮ ಮನೆಯಲ್ಲಿ ಚಾರ್ಜರ್ ತೆಗೆದಿದ್ದೆವು, ಕೇಬಲ್ ಮರೆತಿದ್ದೆವು. ಸಿಡಿಲು ಆ ದಾರಿಯಲ್ಲೇ ಬಂದು ಬೋರ್ಡ್ ಸುಟ್ಟಿತು.

ರಿಪೇರಿಗೆ ಯಾರು ಬರುತ್ತಾರೆ ಅಂತ ಮೊದಲೇ ಕೇಳಿ

ಕೊಡಗಿನವರು ಬೇರೆ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಇಲ್ಲಿ ಅಂತ ನನ್ನ ಅನಿಸಿಕೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ರೈಲಿಲ್ಲ. ಆಗಸ್ಟ್‌ನಲ್ಲಿ ರಸ್ತೆ ಹೇಗಿರುತ್ತದೆ ಅಂತ 2018ರ ಮಳೆ, ಭೂಕುಸಿತ ನೋಡಿದವರಿಗೆ ಹೇಳಬೇಕಾಗಿಲ್ಲ.

ವಾರಂಟಿಯಲ್ಲಿ ಎರಡು ಬಗೆ. ನಾವೇ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗುವುದು ಒಂದು. ಇಂಜಿನಿಯರ್ ಬಿಡಿಭಾಗ ಹಿಡಿದುಕೊಂಡು ಮನೆಗೇ ಬರುವ ಆನ್‌ಸೈಟ್ ಇನ್ನೊಂದು. ಪ್ರೊಫೆಷನಲ್ ಸರಣಿಗಳಿಗೆ ಮೂರು ವರ್ಷದ ಆನ್‌ಸೈಟ್ ಸಿಗುವುದು ಸಾಮಾನ್ಯ. ಹಗುರದ್ದರಲ್ಲಿ ಕೆಲವಕ್ಕೆ ಒಂದೇ ವರ್ಷ, ಬೇಕಾದರೆ ದುಡ್ಡು ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಆನ್‌ಸೈಟ್ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೂ ನಂಬಬೇಡಿ. ಕಂಪನಿಗೆ ಫೋನ್ ಮಾಡಿ ನಿಮ್ಮ ಮನೆಯ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಬರುತ್ತೀರಾ, ಎಷ್ಟು ದಿನಕ್ಕೆ?" ಅಂತ ಕೇಳಿ. ಮಡಿಕೇರಿ, ಕುಶಾಲನಗರಕ್ಕೆ ಬರುವವರು ಭಾಗಮಂಡಲದ ಆಚೆಗೆ ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಒಮ್ಮೆ ನನ್ನ ಲ್ಯಾಪ್‌ಟಾಪ್ ಹೊರ ಊರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಮೂರು ವಾರ ಕೂತಿತ್ತು. ಬೇಕಿದ್ದದ್ದು ಒಂದು ಫ್ಯಾನ್ ಮಾತ್ರ.

ಬಿಡಿಸಿ ಹಾಕುವ ರ‍್ಯಾಮ್, ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಭಾಗ) ಇದ್ದರೆ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಕೈಪಳಗಿದ ಹುಡುಗರು ಅರ್ಧ ಗಂಟೆಯಲ್ಲಿ ಬದಲಾಯಿಸಿ ಕೊಡುತ್ತಾರೆ. ಬೋರ್ಡಿಗೆ ಬೆಸೆದದ್ದನ್ನು ಅವರೂ ಏನೂ ಮಾಡಲಾಗದು. ಹಾಗಾಗಿ ಹಗುರದ್ದು ತಗೊಳ್ಳುವವರು ಮೊದಲ ದಿನವೇ ಸಾಕಷ್ಟು ರ‍್ಯಾಮ್ ಇರುವುದನ್ನು ತಗೊಳ್ಳಿ. 16 ಜಿಬಿ ಸಾಕು, ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ 24 ಅಥವಾ 32.

ಪೆಟ್ಟಿಗೆ ಮೇಲಿನ ಅಕ್ಷರ ಓದುವುದು

ಇಂಟೆಲ್ ಚಿಪ್ಪಿನ ಹೆಸರಿನ ಕೊನೆಯ ಅಕ್ಷರ ನೋಡಿ. ಯು ಅಥವಾ ವಿ ಇದ್ದರೆ ಕಮ್ಮಿ ಕರೆಂಟಿನ ಹಗುರ ಚಿಪ್. ಎಚ್ ಇದ್ದರೆ ನಡುವಿನದ್ದು. ಎಚ್‌ಎಕ್ಸ್ ಇದ್ದರೆ ಭಾರದ್ದು, ಅದರ ಮೂಲ ಬಳಕೆಯೇ 55 ವ್ಯಾಟ್. ಎಎಮ್‌ಡಿಯಲ್ಲಿ ಮೋಸಹೋಗಬೇಡಿ. ಅವರ ರೈಜನ್ ಎಐ ಸರಣಿಯ ಕೆಲವು ಚಿಪ್‌ಗಳಲ್ಲಿ ಎಚ್‌ಎಕ್ಸ್ ಅಂತ ಇದ್ದರೂ ಅವು ತೆಳು ಲ್ಯಾಪ್‌ಟಾಪಿಗೆ ಮಾಡಿದವು.

ಗ್ರಾಫಿಕ್ಸ್ ಕಾರ್ಡಿನಲ್ಲಿ ಹೆಸರಿಗಿಂತ ವ್ಯಾಟ್ ಮುಖ್ಯ. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4060 ಒಂದೇ ಹೆಸರಿನಲ್ಲಿ 35 ವ್ಯಾಟಿನಿಂದ 115 ವ್ಯಾಟಿನ ತನಕ ಇದೆ. ತೆಳುವಾದದ್ದರಲ್ಲಿ ಕಮ್ಮಿ ವ್ಯಾಟಿನದ್ದನ್ನು ಹಾಕಿ ಅದೇ ಹೆಸರು ಅಂಟಿಸುತ್ತಾರೆ. "ಜಿಪಿಯು ಎಷ್ಟು ವ್ಯಾಟ್?" ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಿ.

ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳು ಹಗುರ, ಬ್ಯಾಟರಿಯೂ ಚೆನ್ನಾಗಿ ಬರುತ್ತದೆ. ಆದರೆ ಹಳೇ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಮೊದಲು ಹಾಕಿ ನೋಡಿ. ಅದಕ್ಕೆ ಹೊಂದುವ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್, ಇಲ್ಲದಿದ್ದರೆ ನಡೆಯುವುದಿಲ್ಲ.

ಇನ್ನು ಗೇಮಿಂಗ್ ಲ್ಯಾಪ್‌ಟಾಪ್. ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಮಕ್ಕಳ ಮನೆಯವರು ಇದನ್ನು ತಳ್ಳಿಹಾಕಬೇಡಿ. ಪ್ರೊಫೆಷನಲ್ ದರ್ಜೆಯದ್ದರಷ್ಟೇ ಶಕ್ತಿ ಕಮ್ಮಿ ಬೆಲೆಗೆ ಸಿಗುತ್ತದೆ. ಸಾಫ್ಟ್‌ವೇರ್ ಕಂಪನಿಗಳು ಪರೀಕ್ಷೆ ಮಾಡಿ ಒಪ್ಪಿದ ಡ್ರೈವರ್ ಇದರಲ್ಲಿರುವುದಿಲ್ಲ. ಕಲಿಯುವ ಮಕ್ಕಳಿಗೆ ಅದರಿಂದ ದೊಡ್ಡ ನಷ್ಟ ಇಲ್ಲ. ನಕ್ಷೆ ತಪ್ಪಿದರೆ ಕಟ್ಟಡವೇ ತಪ್ಪುವ ವೃತ್ತಿಯಲ್ಲಿರುವವರಿಗೆ ಅದು ಬೇಕು.

ತೂಕವನ್ನು ಹೊತ್ತೇ ನೋಡಿ

ಮೂರು ಕಿಲೋ ಅಂದರೆ ಕೇಳಲು ಏನೂ ಅಲ್ಲ. ಒಂದೊಂದು ಕಿಲೋದ ಮೂರು ಸಕ್ಕರೆ ಪೊಟ್ಟಣ ಬ್ಯಾಗಿನಲ್ಲಿ ಹಾಕಿ, ಜೊತೆಗೆ ಛತ್ರಿ, ನೀರಿನ ಬಾಟಲಿ ಇಟ್ಟು ಒಂದು ದಿನ ಓಡಾಡಿ. ಬಸ್ಸಿನಲ್ಲಿ ನಿಂತು ಹೋಗಿ. ಮಗಳು ಹಾಸ್ಟೆಲ್‌ನಿಂದ ಕ್ಲಾಸಿಗೆ ದಿನಾ ಇಷ್ಟು ಹೊರುತ್ತಾಳಾ? ಸಂಜೆಯ ಹೊತ್ತಿಗೆ ಭುಜವೇ ಉತ್ತರ ಹೇಳುತ್ತದೆ.

ನನಗೆ ಕೊನೆಗೆ ಹೊಂದಿದ್ದು ಎರಡು ಇಟ್ಟುಕೊಳ್ಳುವ ದಾರಿ. ದಪ್ಪದ್ದು ಮನೆಯ ಮೇಜು ಬಿಟ್ಟು ಏಳುವುದಿಲ್ಲ. ಸೈಟಿಗೆ ಒಯ್ಯಲು ಒಂದು ಸೆಕೆಂಡ್ ಹ್ಯಾಂಡ್ ಹಗುರದ್ದು ಇದೆ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್‌ಗಳು ಕಮ್ಮಿ ಬೆಲೆಗೆ ಸಿಗುತ್ತವೆ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ಮೇಲಿನದ್ದೇ ಇರಲಿ, ವಿಂಡೋಸ್ 11ಕ್ಕೆ ಅಷ್ಟು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬಯೋಸ್‌ಗೆ, ಅಂದರೆ ಲ್ಯಾಪ್‌ಟಾಪ್ ಹಚ್ಚಿದ ಕೂಡಲೇ ಮೊದಲು ಓಡುವ ಒಳ ತಂತ್ರಾಂಶಕ್ಕೆ, ಪಾಸ್‌ವರ್ಡ್ ಹಾಕಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಅಂಗಡಿಯಲ್ಲಿ ಸ್ಕ್ರೀನನ್ನು ಒಳಗಿನ ಬೆಳಕಿನಲ್ಲಿ ಮಾತ್ರ ನೋಡಬೇಡಿ, ಬಾಗಿಲ ಹತ್ತಿರ ತಂದು ನೋಡಿ. ಜಗಲಿಯಲ್ಲೋ ಸೈಟಿನಲ್ಲೋ ಕೂತು ಓದಲು 400 ನಿಟ್ಸ್ ಹೊಳಪು ಬೇಕು, 250 ಇದ್ದರೆ ಹಗಲು ಏನೂ ಕಾಣುವುದಿಲ್ಲ. ಫೋಟೋ, ವಿಡಿಯೋದವರು ಎಸ್‌ಆರ್‌ಜಿಬಿ ಬಣ್ಣ ಶೇ. 100 ಇದೆಯಾ ಕೇಳಿ.

ಮನೆಗೆ ತಂದ ಮೊದಲ ವಾರ, ಅಂಗಡಿಯವರು ಬದಲಾಯಿಸಿ ಕೊಡುವ ಅವಧಿ ಮುಗಿಯುವ ಮುಂಚೆ, ಒಂದು ಪರೀಕ್ಷೆ ಮಾಡಿ. ನಿಮ್ಮ ಅತಿ ಭಾರದ ಕೆಲಸವನ್ನು ಚಾರ್ಜರ್ ಹಾಕಿ ಅರ್ಧ ಗಂಟೆ, ಕಿತ್ತು ಅರ್ಧ ಗಂಟೆ ನಡೆಸಿ. ಎಲ್ಲಿ ನಿಧಾನವಾಯಿತು, ಬ್ಯಾಟರಿ ಎಷ್ಟು ಇಳಿಯಿತು ಬರೆದುಕೊಳ್ಳಿ. ಬಿಲ್ಲಿನ ಫೋಟೋ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಅಂಗಡಿಯ ಆ ನುಣುಪು ಕಾಗದದ ಬಿಲ್ಲು ನಮ್ಮ ಮಳೆಗಾಲ ದಾಟುವ ಹೊತ್ತಿಗೆ ಅಕ್ಷರ ಅಳಿಸಿ ಬೆಳ್ಳಗಾಗಿರುತ್ತದೆ.